ಬಿಸಿಲಿಗೆ ಹಿಡಿದು ನೋಡುತ್ತಿದ್ದ ಅಕ್ಕ

ತುರುವೇಕೆರೆಯ ನಮ್ಮ ಬೀದಿಯಲ್ಲಿ ಓಡಾಡಿದವರಿಗೆ ನನ್ನ ಮುಖ ನೆನಪಿರಲಿಕ್ಕಿಲ್ಲ, ಅಕ್ಕನ ಮುಖ ಮರೆತಿರಲಿಕ್ಕಿಲ್ಲ. ಸ್ಟುಡಿಯೊ ನನ್ನದು, ಬೋರ್ಡಿನ ಮೇಲಿನ ಹೆಸರೂ ನನ್ನದೇ. ಆದರೆ ಅಂಗಡಿ ಬಾಗಿಲಲ್ಲಿ ನಿಂತು, ಆಗಷ್ಟೇ ಪ್ರಿಂಟರಿನಿಂದ ಬಂದ ಫೋಟೊವನ್ನು ಬಿಸಿಲಿಗೆ ಹಿಡಿದು, ಕತ್ತು ಒಂದಿಷ್ಟು ಓರೆ ಮಾಡಿ ನೋಡುತ್ತಿದ್ದವರು ಅವರು. ಯಾರದೋ ನಾಮಕರಣ, ಯಾರದೋ ಸೀಮಂತ. ದಾರಿಯಲ್ಲಿ ಹೋಗುವವರೂ ನಿಂತು ಇಣುಕುತ್ತಿದ್ದರು. ಅಕ್ಕ ಯಾರನ್ನೂ ಓಡಿಸುತ್ತಿರಲಿಲ್ಲ. "ನೀವೇ ಹೇಳಿ, ಮಗು ಎಲ್ಲಾದ್ರೂ ಇಷ್ಟು ಕೆಂಪಗಿರ್ತದಾ?" ಎಂದು ಕೇಳಿ ಅವರನ್ನೇ ಪೇಚಿಗೆ ಸಿಕ್ಕಿಸುತ್ತಿದ್ದರು.

ಅವರು ಕೆಲಸ ಬಿಟ್ಟು ಎರಡು ವರ್ಷವಾಯಿತು. ದಂಡಿನಶಿವರದ ಮನೆಯಲ್ಲಿ ಆರಾಮವಾಗಿದ್ದಾರೆ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ, "ಬರ್ಕೋ ಹೋಗು. ಹೆಸರು ಮಾತ್ರ ಹಾಕ್ಬೇಡ. ಫೋಟೊ ಸರಿ ಮಾಡ್ಕೊಡಿ ಅಂತ ಎಲ್ಲಾ ಮನೆಗೇ ಬಂದ್ಬುಡ್ತಾರೆ" ಅಂದರು. ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇದು ಜಂಬ ಕೊಚ್ಚಿಕೊಳ್ಳುವ ಬರಹ. ಹನ್ನೊಂದು ವರ್ಷ ಅಂಥವರು ನನ್ನ ಅಂಗಡಿಯಲ್ಲಿದ್ದರು ಎಂಬ ಜಂಬ.

ಅವರು ಮೊದಲು ಇದ್ದದ್ದು ನಮ್ಮ ಪಕ್ಕದ ಮಳಿಗೆಯ ಮ್ಯಾಚಿಂಗ್ ಸೆಂಟರಿನಲ್ಲಿ. ಸೀರೆ ತಂದುಕೊಟ್ಟರೆ ಅದಕ್ಕೊಪ್ಪುವ ಬ್ಲೌಸ್ ಪೀಸು, ಫಾಲ್ಸು, ದಾರ ತೆಗೆದುಕೊಡುವ ಅಂಗಡಿ ಅದು. ನೆಲದಿಂದ ಅಟ್ಟದವರೆಗೆ ಬಣ್ಣದ ಥಾನುಗಳು. ಅಕ್ಕ ಒಂದು ಸಲ ಸೀರೆ ನೋಡಿ, ತಿರುಗಿ ನಿಂತು, ನೂರು ಹಸಿರುಗಳ ನಡುವೆ ಕೈ ಹಾಕಿ ಒಂದು ಹಸಿರನ್ನು ಎಳೆಯುತ್ತಿದ್ದರು. ಆದರೂ ಅಷ್ಟಕ್ಕೇ ಒಪ್ಪುತ್ತಿರಲಿಲ್ಲ. ಸೀರೆ ಸೆರಗನ್ನೂ ಬ್ಲೌಸ್ ಪೀಸನ್ನೂ ಜೊತೆಗೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. "ಟ್ಯೂಬ್‌ಲೈಟ್ ನಂಬ್ಬೇಡಿ ಕಣ್ರೀ, ಬಿಸಿಲಿಗೆ ಬನ್ನಿ" ಎಂದು ಗಿರಾಕಿಗಳನ್ನೂ ಹೊರಗೆ ಕರೆಯುತ್ತಿದ್ದರು. ಈರುಳ್ಳಿ ಬಣ್ಣ, ಮೆಂತ್ಯದ ಬಣ್ಣ, ಇಟ್ಟಿಗೆ ಬಣ್ಣ, ರಾಮಾ ಗ್ರೀನ್, ರಾಣಿ ಪಿಂಕ್ ಎಂದು ಅವರು ಹೇಳುವುದು ನನ್ನ ಅಂಗಡಿಗೂ ಕೇಳಿಸುತ್ತಿತ್ತು.

ಆಗ ನಾನೇನು ಕಡಿಮೆ ಇರಲಿಲ್ಲ. ತುಮಕೂರಿನಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ, ಕಂಪ್ಯೂಟರಿನಲ್ಲಿ ಫೋಟೊ ತಿದ್ದುವುದು ಕಲಿತು ಬಂದಿದ್ದೆ. ತಿದ್ದುವುದು ಎಂದರೆ ನನಗೆ ಒಂದೇ ಅರ್ಥ: ಬೆಳ್ಳಗೆ ಮಾಡುವುದು. ಬಂದವರನ್ನೆಲ್ಲ ಸುಣ್ಣ ಹೊಡೆದಂತೆ ಬೆಳ್ಳಗೆ ಮಾಡಿ ಕಳಿಸುತ್ತಿದ್ದೆ. ಜನ ಖುಷಿಪಡುತ್ತಿದ್ದರು. ನಾನೂ ಖುಷಿಯಾಗಿದ್ದೆ.

ಒಂದು ದಿನ ಮದುವೆ ಆಲ್ಬಮ್ಮಿನ ಒಂದು ಪುಟವನ್ನು ಗಾಜಿನ ಕೌಂಟರಿನ ಮೇಲೆ ಒಣಗಲು ಇಟ್ಟಿದ್ದೆ. ಅಕ್ಕ ಚಿಲ್ಲರೆ ಕೇಳಲು ಬಂದವರು ಅದನ್ನು ನೋಡಿದರು. "ಈ ಹುಡುಗಿ ಸೀರೆ ನಂಗೊತ್ತು. ಬ್ಲೌಸ್ ನಾನೇ ಕೊಟ್ಟಿದ್ದು. ಇದು ರಾಮಾ ಗ್ರೀನ್ ಕಣಪ್ಪ, ನೀನು ನವಿಲು ನೀಲಿ ಮಾಡಿ ಕೂರಿಸಿದ್ದೀಯಲ್ಲ" ಅಂದರು. ನನಗೆ ರೇಗಿತು. ದಾರ ಮಾರುವವರು ನನಗೆ ಹೇಳಿಕೊಡಬೇಕೆ? ಕ್ಯಾಮೆರಾ, ಲೆನ್ಸು, ಸೆನ್ಸರ್ ಎಂದು ಏನೇನೋ ಒದರಿ ಕಳಿಸಿದೆ. ಸಂಜೆ ಮದುಮಗಳೂ ಅವಳ ತಂಗಿಯೂ ಬಂದರು. ಪುಟ ತಿರುಗಿಸಿದ ತಂಗಿ, "ಅಯ್ಯೋ, ಇದ್ಯಾರ ಸೀರೆ ಉಟ್ಟಿದ್ದೀಯೇ?" ಎಂದು ಕೇಳಿದಳು. ಅವತ್ತು ಆ ಪುಟವನ್ನು ಮತ್ತೆ ಮಾಡಬೇಕಾಯಿತು. ಬಣ್ಣ ಸರಿಯಾಯಿತೇ ಎಂದು ಕೇಳಲು ನಾನೇ ಪಕ್ಕದ ಅಂಗಡಿಗೆ ಹೋಗಿದ್ದೆ.

ಮುಂದೆ ಒಂದೆರಡು ವರ್ಷಕ್ಕೆ ಮ್ಯಾಚಿಂಗ್ ಸೆಂಟರಿನವರು ಅಂಗಡಿ ಮುಚ್ಚಿ ತಿಪಟೂರಿಗೆ ಹೋದರು. ಅಕ್ಕನಿಗೆ ದಂಡಿನಶಿವರದಿಂದ ಅಲ್ಲಿಗೆ ಓಡಾಡುವುದು ಬೇಡವಾಗಿತ್ತು. ಪಾಸ್‌ಪೋರ್ಟ್ ಫೋಟೊ ಕತ್ತರಿಸಲು, ಲ್ಯಾಮಿನೇಷನ್ ಮಾಡಲು ಎಂದು ನನ್ನಲ್ಲಿಗೆ ಬಂದರು. ಕತ್ತರಿ ಹಿಡಿದದ್ದು ಮೂರು ತಿಂಗಳು ಅಷ್ಟೆ. ಆಮೇಲೆ ಕಂಪ್ಯೂಟರಿನ ಕುರ್ಚಿ ಅವರದಾಯಿತು, ಕತ್ತರಿ ನನ್ನ ಕೈಗೆ ಬಂತು.

ಕುರ್ಚಿ ಸುಮ್ಮನೆ ಸಿಕ್ಕಿದ್ದಲ್ಲ. ಅವರಿಗೆ ಇಂಗ್ಲಿಷ್ ಓದುವುದು ಕಷ್ಟವಾಗಿತ್ತು. ಅದಕ್ಕೆ ಬಣ್ಣ ಹೆಚ್ಚುಕಡಿಮೆ ಮಾಡಲು ಕಂಪ್ಯೂಟರಿನಲ್ಲಿ ಎಳೆಯುವ ಗೀಟುಗಳಿಗೆಲ್ಲ ತಮ್ಮದೇ ಹೆಸರಿಟ್ಟುಕೊಂಡರು. ನಮ್ಮ ಕಡೆಯ ಫೋಟೊಗಳ ರೋಗ ಏನು ಎಂದು ನೋಡಿಯೇ ಇಟ್ಟ ಹೆಸರುಗಳು. ಇಲ್ಲಿ ಜನ ಮೊಬೈಲ್ ತೆಗೆದರೆ ತೆಂಗಿನ ತೋಟದಲ್ಲಿ ನಿಂತೇ ಫೋಟೊ ಹಿಡಿಯುವುದು. ನೆರಳು ತಂಪಾಗಿದೆ, ಚೆಂದವಾಗಿದೆ ಎಂದು ನಿಲ್ಲುತ್ತಾರೆ. ಗರಿಗಳ ಹಸಿರೆಲ್ಲ ಮುಖಕ್ಕೆ ಬಂದು ಕೂತಿರುತ್ತದೆ. ಅದನ್ನು ಕಳೆಯುವುದಕ್ಕೆ ಅಕ್ಕ ಇಟ್ಟ ಹೆಸರು ತೋಟ ತೆಗೆಯೋದು. ಮನೆ ಮುಂದೆ ನೀಲಿ ಟಾರ್ಪಾಲು ಕಟ್ಟಿ ಕಾರ್ಯ ಮಾಡುತ್ತಾರಲ್ಲ, ಅಲ್ಲಿ ತೆಗೆದ ಫೋಟೊಗಳಲ್ಲಿ ನೆಂಟರೆಲ್ಲ ನೀರಿನೊಳಗೆ ಕೂತವರ ಹಾಗಿರುತ್ತಾರೆ. ಅದಕ್ಕೆ ಟಾರ್ಪಾಲ್ ತೆಗೆಯೋದು. ಕೆಂಪು ಬಟ್ಟೆಯ ಶಾಮಿಯಾನದ್ದಾದರೆ ಶಾಮಿಯಾನ ತೆಗೆಯೋದು. "ಇದ್ರಲ್ಲಿ ತೋಟಾನೂ ಐತೆ, ಟಾರ್ಪಾಲೂ ಐತೆ. ಮೊದ್ಲು ಯಾವುದು ಕೀಳ್ಲಿ?" ಎಂದು ಗಂಭೀರವಾಗಿ ಕೇಳುತ್ತಿದ್ದರು. ಕೇಳಿಸಿಕೊಂಡ ಗಿರಾಕಿಗಳು ಗಾಬರಿಯಾಗುತ್ತಿದ್ದರು.

ಫೋಟೊ ತೆರೆದ ಕೂಡಲೇ ಅವರು ಹುಡುಕುತ್ತಿದ್ದದ್ದು ಬಿಳಿಯನ್ನು. ಎಲ್ಲೋ ಒಂದು ಕಡೆ ನಿಜವಾದ ಬಿಳಿ ಸಿಕ್ಕಿದರೆ ಅದನ್ನು ಸರಿ ಮಾಡಿ ಮಿಕ್ಕಿದ್ದನ್ನು ಅದರ ಹಿಂದೆ ತರಬಹುದು. ಆ ವಿಷಯ ನನ್ನ ಕೋರ್ಸಿನಲ್ಲೂ ಹೇಳಿಕೊಟ್ಟಿದ್ದರು. ಯಾವ ಬಿಳಿ ಬಿಳಿಯಲ್ಲ ಎಂದು ಹೇಳಿಕೊಟ್ಟವರು ಅಕ್ಕ. "ಪಂಚೆ ನಂಬ್ಬೇಡ, ಒಗೆಯೋವಾಗ ನೀಲಿ ಹಾಕಿರ್ತಾರೆ. ಕೊಬ್ಬರಿ ನಂಬ್ಬೇಡ, ಒಣಗ್ತಾ ಒಣಗ್ತಾ ಬೆಣ್ಣೆ ಬಣ್ಣ ಆಗಿರ್ತದೆ. ಹಲ್ಲಂತೂ ಕೇಳಲೇಬೇಡ. ಆವತ್ತು ಒಡೆದ ಹಸಿಕಾಯಿ ಇದ್ರೆ ನೋಡು, ಇಲ್ಲಾ ವಿಭೂತಿ ನೋಡು" ಎನ್ನುತ್ತಿದ್ದರು. ನಮ್ಮ ಸೀಮೆಯ ಫೋಟೊಗಳಲ್ಲಿ ಎಲ್ಲಾದರೂ ಒಂದು ಒಡೆದ ಕಾಯಿ ಇದ್ದೇ ಇರುತ್ತದೆ. ಪೂಜೆಯ ತಟ್ಟೆಯ ಮೂಲೆಯಲ್ಲಿದ್ದ ಅರ್ಧ ಹೋಳನ್ನು ಹಿಡಿದುಕೊಂಡು ಅವರು ಇಡೀ ಮನೆತನದ ಬಣ್ಣ ಸರಿಪಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೆಳ್ಳಗೆ ಮಾಡುವ ನನ್ನ ವಿದ್ಯೆಯನ್ನು ಅವರು ಬಂದ ವರ್ಷವೇ ನಿಲ್ಲಿಸಿದರು. ಒಮ್ಮೆ ಒಬ್ಬರು ಮಗಳ ಜೊತೆ ಬಂದರು. ಗಂಡಿನ ಕಡೆಯವರಿಗೆ ಕಳಿಸಲು ಫೋಟೊ ಬೇಕಾಗಿತ್ತು. ತೋಟದಲ್ಲಿ ತೆಗೆದದ್ದು. ಹುಡುಗಿಯ ಮುಖದ ಮೇಲೆ ಅರ್ಧ ನೆರಳು, ಅರ್ಧ ಬಿಸಿಲು. ಅಕ್ಕ ತೋಟ ತೆಗೆದರು, ನೆರಳಿನ ಭಾಗವನ್ನು ಮೇಲೆತ್ತಿದರು, ಬಿಸಿಲಿನ ಭಾಗವನ್ನು ಇಳಿಸಿದರು. ಎಣ್ಣೆಗಪ್ಪಿನ ಲಕ್ಷಣವಾದ ಮುಖ ಹೊರಗೆ ಬಂತು. ಅಪ್ಪ, "ಇನ್ನೊಂಚೂರು ಬೆಳ್ಳಗೆ ಬರ್ಲಿ ಕಣ್ರೀ" ಅಂದರು. ಅಕ್ಕ ಮೌಸ್ ಬಿಟ್ಟು ಹಿಂದಕ್ಕೆ ತಿರುಗಿದರು.

"ಇಷ್ಟೇ ಇವಳ ಬಣ್ಣ. ಇದಕ್ಕಿಂತ ಬೆಳ್ಳಗೆ ಮಾಡಿದ್ರೆ ಇವಳು ಇನ್ಯಾರೋ ಆಗ್ತಾಳೆ. ಬಂದೋರು ನೋಡೋದು ಇವಳನ್ನಲ್ವಾ?"

"ಎಲ್ಲಾ ಸ್ಟುಡಿಯೊದಲ್ಲೂ ಮಾಡ್ಕೊಡ್ತಾರೆ."

"ಮಾಡ್ಕೊಡ್ತಾರೆ. ನೀನು ಹೇಳವ್ವ, ಏನ್ ಮಾಡ್ಲಿ?" ಎಂದು ಹುಡುಗಿಯನ್ನೇ ಕೇಳಿದರು.

ಅವಳು ಅಪ್ಪನ ಮುಖ ನೋಡದೆ, "ನಾನಿರೋ ಹಂಗೇ ಇರ್ಲಿ ಆಂಟಿ" ಅಂದಳು. ಅಪ್ಪ ಗೊಣಗುತ್ತಾ ತೆಗೆದುಕೊಂಡು ಹೋದರು. ಗಿರಾಕಿ ಹೋಯಿತು ಎಂದು ನಾನು ಮುಖ ಗಂಟುಹಾಕಿಕೊಂಡಿದ್ದೆ. ಮದುವೆ ಆಯಿತೇ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಆದರೆ ಆ ಹುಡುಗಿ ಆಮೇಲೆ ತನ್ನ ಗೆಳತಿಯರನ್ನೆಲ್ಲ ನಮ್ಮಲ್ಲಿಗೇ ಕಳಿಸಿದಳು.

ತೀರಿಕೊಂಡವರ ಫೋಟೊ ಮಾಡುವಾಗ ಅಕ್ಕನ ಕಟ್ಟುನಿಟ್ಟು ಇನ್ನೂ ಜಾಸ್ತಿ. ನಮ್ಮ ಜನ ಬದುಕಿದ್ದಾಗ ಸ್ಟುಡಿಯೊಗೆ ಬಂದು ಫೋಟೊ ತೆಗೆಸಿಕೊಳ್ಳುವುದು ಅಷ್ಟಕ್ಕಷ್ಟೆ. ಹೋದ ಮೇಲೆ ಮೊಬೈಲುಗಳಲ್ಲಿ ಹುಡುಕಿ, ಯಾವುದೋ ಗೃಹಪ್ರವೇಶದ ಗುಂಪಿನಿಂದ ಒಂದು ಮುಖ ಹೆಕ್ಕಿ ತರುತ್ತಾರೆ. ಕತ್ತಲು, ಅಲುಗಾಟ, ಬಣ್ಣಗೆಟ್ಟದ್ದು. ಅಕ್ಕ ಅದನ್ನು ನೋಡಿ, "ಅವರು ಉಡ್ತಿದ್ದ ಬಟ್ಟೆ ಒಂದು ತಗೊಂಡ್ಬನ್ನಿ, ಇದ್ರಲ್ಲಿ ಹಾಕ್ಕೊಂಡಿರೋದೇ ಆದ್ರೆ ಒಳ್ಳೇದು" ಎನ್ನುತ್ತಿದ್ದರು. ಬಟ್ಟೆ ಬಂದರೆ ಅದನ್ನು ಬಾಗಿಲಿನ ಬಿಸಿಲಿಗೆ ಹಿಡಿದು ನೋಡಿ, ಪ್ರಿಂಟನ್ನು ಪಕ್ಕದಲ್ಲಿ ಹಿಡಿದು, ಎರಡೂ ಒಂದಾಗುವ ತನಕ ತಿದ್ದುತ್ತಿದ್ದರು. ಬಟ್ಟೆಯ ಬಣ್ಣ ಸರಿಹೋದರೆ ಮುಖದ ಬಣ್ಣ ಎಲ್ಲಿಗೆ ಹೋಗುತ್ತದೆ ಎನ್ನುವುದು ಅವರ ಲೆಕ್ಕಾಚಾರ.

ಹಾಲ್ಕುರಿಕೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಹಾಗೆಯೇ ಹೆಂಡತಿಯ ಸೀರೆಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಫೋಟೊದಲ್ಲಿ ಮೆಣಸಿನಕಾಯಿ ಕೆಂಪಾಗಿದ್ದ ಸೀರೆ ಬಿಸಿಲಿನಲ್ಲಿ ನೋಡಿದರೆ ಈರುಳ್ಳಿ ಬಣ್ಣದ್ದು. ಶಾಮಿಯಾನ ತೆಗೆದು ಪ್ರಿಂಟು ಕೈಗೆ ಕೊಟ್ಟಾಗ ಮೇಷ್ಟ್ರು ತುಂಬಾ ಹೊತ್ತು ನೋಡಿದರು. "ಇದನ್ನೇ ಉಟ್ಕೊಂಡು ಆವತ್ತು ಮದ್ವೆ ಮನೇಲಿ ನನ್ ಮೇಲೆ ರೇಗಿದ್ದಳು ಕಣಮ್ಮ. ರೇಗಿರೋದು ಮುಖದಲ್ಲಿ ಈಗ ಕಾಣ್ತಿದೆ ನೋಡು" ಎಂದು ಕಣ್ಣು ಒರೆಸಿಕೊಂಡು ನಕ್ಕರು. ಅಂಥ ದಿನ ಅಕ್ಕ ಐದೂವರೆ ಬಸ್ಸಿಗೆ ಹೋಗುವಾಗ ಹೆಜ್ಜೆಯೇ ಬೇರೆ ಥರ ಇರುತ್ತಿತ್ತು.

ಇನ್ನು ನನ್ನ ತಪ್ಪಿನ ಕತೆ ಹೇಳಬೇಕು. ಇದನ್ನು ಬಿಟ್ಟರೆ ಅಕ್ಕ ಯಾರೆಂದು ಹೇಳಿದಂತಾಗುವುದಿಲ್ಲ.

ಅವರು ಬಂದು ಎಂಟೊಂಬತ್ತು ವರ್ಷ ಆಗಿತ್ತು. ನಮ್ಮಲ್ಲಿಂದ ಹೋಗುವ ಕೆಲವು ಫೋಟೊಗಳಲ್ಲಿ ಮುಖಗಳು ತಣ್ಣಗೆ, ತುಸು ನೀಲಿಯಾಗಿ ಬರತೊಡಗಿದವು. ಮೊದಲು ಪ್ರಿಂಟರಿನ ಮೇಲೆ ಅನುಮಾನಪಟ್ಟೆ. ಇಂಕು ಬದಲಿಸಿದೆ. ಆದರೆ ಪರದೆಯ ಮೇಲೂ ನೀಲಿಯೇ. ವಿಚಿತ್ರವೆಂದರೆ ಎಲ್ಲವೂ ಹಾಗಿರಲಿಲ್ಲ, ಕೆಲವು ಮಾತ್ರ. ತಿಪಟೂರಿನ ಸ್ನೇಹಿತನೊಬ್ಬ ಫೋನ್ ಮಾಡಿ, "ಏನ್ಲಾ, ನಿಮ್ಮ ಅಕ್ಕ ಎಲ್ಲರನ್ನೂ ಫ್ರಿಜ್ಜಲ್ಲಿಟ್ಟು ತೆಗೀತಾರಾ?" ಎಂದು ಕಿಚಾಯಿಸಿದ. ನನಗೆ ನಗು ಬರಲಿಲ್ಲ.

ಅಕ್ಕನಿಗೆ ಹೇಳುವುದು ಹೇಗೆ? ಊರಿಗೆಲ್ಲ ಬಣ್ಣ ಹೇಳಿಕೊಟ್ಟವರಿಗೆ ನಿಮ್ಮ ಬಣ್ಣ ತಪ್ಪುತ್ತಿದೆ ಎಂದು ಯಾವ ಬಾಯಲ್ಲಿ ಹೇಳಲಿ? ನಾನು ಸುಲಭದ ದಾರಿ ಹಿಡಿದೆ. ಅವರು ಐದೂವರೆ ಬಸ್ಸಿಗೆ ಹೋದ ಮೇಲೆ ಅವರ ಕೆಲಸ ತೆರೆದು, ನೀಲಿ ಇಳಿಸಿ, ಪ್ರಿಂಟು ತೆಗೆಯತೊಡಗಿದೆ. ಅಷ್ಟರೊಳಗೆ ಎಷ್ಟೋ ಫೋಟೊಗಳು ಚೌಕಟ್ಟಿನೊಳಗೆ ಕೂತು ಊರೂರು ಸೇರಿದ್ದವು. ಅವುಗಳ ಗೊಡವೆಗೆ ನಾನು ಹೋಗಲಿಲ್ಲ. ಯಾರೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ನಾನು ತಿದ್ದಿದ ಪ್ರಿಂಟೊಂದು ಅಕ್ಕನ ಕೈಗೆ ಸಿಕ್ಕಿತು. ಬಾಗಿಲಿಗೆ ಒಯ್ದು ನೋಡಿ, "ಇದ್ಯಾಕಪ್ಪ ಅರಿಶಿನ ಮೆತ್ತಿದಂಗೈತೆ? ನಾನು ಹಿಂಗೆ ಬಿಟ್ಟಿರ್ಲಿಲ್ಲವಲ್ಲ" ಅಂದರು. "ಪ್ರಿಂಟರ್ ಯಾಕೋ ಕೈಕೊಡ್ತಿದೆ ಅಕ್ಕ" ಎಂದು ಸುಳ್ಳು ಹೇಳಿದೆ. ಪಾಪ, ಅವರು ಪ್ರಿಂಟರಿಗೇ ನಾಲ್ಕು ಮಾತು ಬೈದರು. ಅದು ಸುಮ್ಮನೆ ಬೈಸಿಕೊಂಡಿತು, ನಾನೂ ಸುಮ್ಮನಿದ್ದೆ.

ಹೀಗೆ ಎಷ್ಟು ದಿನ ನಡೆಯುತ್ತಿತ್ತೋ ಏನೋ. ಒಂದು ದಿನ ಸ್ಟುಡಿಯೊದ ಕಪ್ಪು ಪರದೆ ಒಂದು ಕಡೆ ಹರಿದಿತ್ತು. ಅಕ್ಕ ಚೀಲದಿಂದ ದಾರದ ರೀಲು ತೆಗೆದು, ಅಭ್ಯಾಸಬಲದಿಂದ ಬಿಸಿಲಿಗೆ ಹಿಡಿದು ನೋಡಿ, ನೀಟಾಗಿ ಹೊಲಿದರು. ಪಾಸ್‌ಪೋರ್ಟ್ ಫೋಟೊಗೆ ಕಾಯುತ್ತಿದ್ದ ಒಬ್ಬ ಹೆಂಗಸು ಮ್ಯಾಚಿಂಗ್ ಸೆಂಟರಿನ ಕಾಲದಿಂದ ಅಕ್ಕನನ್ನು ಬಲ್ಲವರು. ಅವರು ನಗುತ್ತಾ, "ಏನಕ್ಕ, ನೀವೇ ಹಿಂಗ್ ಮಾಡಿದ್ರೆ? ಕಪ್ಪು ಬಟ್ಟೆಗೆ ನೇವಿ ಬ್ಲೂ ದಾರ ಹಾಕಿದ್ದೀರಲ್ಲ" ಅಂದರು.

ಅಕ್ಕ ನಗಲಿಲ್ಲ. ಚೀಲದಲ್ಲಿ ಹುಡುಕಿ ಇನ್ನೊಂದು ರೀಲು ತೆಗೆದರು. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಾಗಿಲಿಗೆ ಹೋದರು. ನಾಲ್ಕೈದು ಸಲ ತಿರುಗಿಸಿದರು. ನಾನು ಹತ್ತಿರ ಹೋದೆ.

"ಎರಡೂ ಕಪ್ಪೇ ಅಲ್ವೇನಪ್ಪ?" ಎಂದು ಮೆಲ್ಲಗೆ ಕೇಳಿದರು.

ನಾನು ನೇವಿ ಬ್ಲೂ ರೀಲನ್ನು ಅವರ ಅಂಗೈಯಿಂದ ಎತ್ತಿ ಬೇರೆ ಇಟ್ಟೆ. ಅಕ್ಕ ಆ ಹೆಂಗಸು ಹೋಗುವ ತನಕ ಕಾದು, ಒಳಗೆ ಬಂದು ಕೂತು, "ಎಷ್ಟು ದಿನದಿಂದ?" ಅಂದರು. ಏಳೆಂಟು ತಿಂಗಳಾಯಿತು ಅಂದೆ. ಸಂಜೆ ಹೊತ್ತು ತಿದ್ದುತ್ತಿದ್ದುದನ್ನೂ ಹೇಳಿದೆ. ನಿಮಗೆ ಬೇಜಾರಾಗಬಾರದು ಅಂತ ಅಕ್ಕ, ಎಂದು ಏನೋ ಸೇರಿಸಿದೆ.

"ನನ್ ಮರ್ಯಾದೆ ಉಳಿಸೋಕೆ ಜನಗಳ ಮುಖಕ್ಕೆ ನೀಲಿ ಬಳ್ದು ಕಳಿಸ್ದೇನಪ್ಪ?" ಅಂದರು. ಹನ್ನೊಂದು ವರ್ಷದಲ್ಲಿ ಅವರು ನನಗೆ ಬೈದದ್ದು ಅದೊಂದೇ ಸಲ. ಆ ಮಾತು ಈಗ ನೆನೆದರೂ ನನ್ನ ಕಿವಿ ಬಿಸಿಯಾಗುತ್ತದೆ.

ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಪೊರೆ ಹಳದಿಗಟ್ಟಿದರೆ ನೋಡುವುದೆಲ್ಲ ಹಳದಿಯಾಗುತ್ತದಂತೆ. ನಿಧಾನವಾಗಿ ಆಗುವುದರಿಂದ ನೋಡುವವರಿಗೇ ಗೊತ್ತಾಗುವುದಿಲ್ಲವಂತೆ. ಅಕ್ಕ ಆ ಹಳದಿಯನ್ನು ಫೋಟೊದ್ದು ಎಂದುಕೊಂಡು ಅದನ್ನು ಕಳೆಯಲು ನೀಲಿ ಸೇರಿಸಿದ್ದರು, ಅಷ್ಟೆ. ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ಇನ್ನೊಂದು ಕಣ್ಣನ್ನು ಎರಡು ತಿಂಗಳು ಬಿಟ್ಟು ಮಾಡುವುದೆಂದಾಯಿತು.

ವೈದ್ಯರು ಹೇಳಿದಷ್ಟು ದಿನ ಮನೆಯಲ್ಲಿದ್ದು, ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದರು. ಕೂತವರೇ ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು. "ಈ ಕಣ್ಣಿಗೆ ಹಾಲು ಕಣಪ್ಪ, ಈ ಕಣ್ಣಿಗೆ ಬೆಲ್ಲದ ನೀರು" ಎಂದು ನಕ್ಕರು. ಆಮೇಲೆ, "ಆ ಏಳೆಂಟು ತಿಂಗಳದ್ದೆಲ್ಲ ತೆಗಿ" ಅಂದರು.

ಒಂದೊಂದೇ ತೆರೆದು ನೋಡಿದೆವು. ಆಗ ಕೆಲವು ಮಾತ್ರ ಯಾಕೆ ನೀಲಿಯಾಗಿದ್ದವು ಎಂದು ತಿಳಿಯಿತು. ಮನೆಯವರು ಬಟ್ಟೆ ತಂದುಕೊಟ್ಟಿದ್ದ ಫೋಟೊಗಳೆಲ್ಲ ಸರಿಯಾಗಿದ್ದವು. ಬಟ್ಟೆಯೂ ಹಳದಿ ಕಂಡಿತ್ತು, ಪ್ರಿಂಟೂ ಹಳದಿ ಕಂಡಿತ್ತು, ಎರಡನ್ನೂ ಒಂದು ಮಾಡಿದ್ದರಿಂದ ತಪ್ಪಾಗಿರಲಿಲ್ಲ. ಬಟ್ಟೆ ಇಲ್ಲದೆ, ಮನುಷ್ಯರ ಮೈಬಣ್ಣ ಹೀಗಿರುತ್ತದೆ ಎಂದು ನೆನಪಿನ ಮೇಲೆ ಮಾಡಿದವು ಮಾತ್ರ ನೀಲಿ. ನಾನು ಸಂಜೆ ತಿದ್ದಿದವನ್ನು ಬಿಟ್ಟು ಅಂಥವು ಇಪ್ಪತ್ತಾರು ಇದ್ದವು. ಅಕ್ಕ ಎಲ್ಲವನ್ನೂ ಹೊಸದಾಗಿ ಮಾಡಿದರು. ಹಾಲಿನ ಕಣ್ಣು ತೆರೆದು, ಬೆಲ್ಲದ ಕಣ್ಣು ಮುಚ್ಚಿ.

"ಫೋನ್ ಮಾಡಿ ಕರೆಸೋಣ, ಬಂದು ಬದಲಾಯಿಸ್ಕೊಂಡು ಹೋಗ್ಲಿ" ಅಂದೆ.

"ತಪ್ಪು ಮಾಡಿದೋರು ನಾವು, ಬಸ್ ಹತ್ತಿ ಬರೋರು ಅವ್ರಾ?" ಅಂದರು.

ಹಾಗಾಗಿ ಭಾನುವಾರಗಳಲ್ಲಿ ನನ್ನ ಸ್ಕೂಟರಿನ ಹಿಂದೆ ಕೂತು, ಮಡಿಲಲ್ಲಿ ಫೋಟೊಗಳ ಚೀಲ ಇಟ್ಟುಕೊಂಡು, ಅಕ್ಕ ಮನೆಮನೆಗೆ ಹೊರಟರು. ಬಾಗಿಲಲ್ಲೇ ನಿಂತು, ನನ್ನ ಕಣ್ಣಿಗೆ ಪೊರೆ ಬಂದಿತ್ತು, ನಿಮ್ಮವರ ಮುಖದ ಬಣ್ಣ ಕೆಡಿಸಿದ್ದೆ, ಸರಿ ಮಾಡಿ ತಂದಿದ್ದೇನೆ ಎಂದು ಹೇಳುತ್ತಿದ್ದರು. ನನ್ನ ಹೆಸರು ಒಮ್ಮೆಯೂ ಎತ್ತಲಿಲ್ಲ. ಒಬ್ಬರೂ ಬೈಯಲಿಲ್ಲ. ಒಂದು ಮನೆಯಲ್ಲಿ ಸೊಸೆ, "ನಾವು ಸತ್ತೋದವರ ಫೋಟೊ ಹಂಗೇ ಇರುತ್ತೇನೋ ಅಂದ್ಕೊಂಡಿದ್ವಿ" ಅಂದಳು. ಅದನ್ನು ಕೇಳಿ ಅಕ್ಕನ ಮುಖ ಚಿಕ್ಕದಾಯಿತು. ಇನ್ನೊಂದು ಮನೆಯಲ್ಲಿ ಹೊಸ ಫೋಟೊ ಹಾಕಿದ ಮೇಲೆ ಎಲ್ಲರೂ ಅದನ್ನೇ ನೋಡುತ್ತಾ ನಿಂತರು, ನಮಗೆ ಎಳನೀರು ಕೊಡುವುದನ್ನೇ ಮರೆತರು. ಮರೆತದ್ದಕ್ಕೆ ಅಕ್ಕನಿಗೆ ಬಹಳ ಸಂತೋಷವಾಯಿತು.

ಕೊನೆಗೆ ಉಳಿದದ್ದು ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರು ಕಡೆಯ ಒಂದು ಕುರಿಹಟ್ಟಿ. ಅಲ್ಲಿಂದ ನಮ್ಮ ಕಡೆಯ ತೋಟಗಳಿಗೆ ಕಾಯಿ ಸುಲಿಯಲು ಬರುತ್ತಿದ್ದ ಒಬ್ಬ, ತೀರಿಕೊಂಡ ತನ್ನ ಒಡಹುಟ್ಟಿದವಳ ಫೋಟೊ ಮಾಡಿಸಿಕೊಂಡು ಹೋಗಿದ್ದ. ಅವಳದೆಂದು ಅವರಲ್ಲಿದ್ದದ್ದು ಅದೊಂದೇ ಚಿತ್ರ. ಟಾರ್ಪಾಲಿನ ಕೆಳಗೆ, ಯಾರದೋ ಕಿವಿ ಚುಚ್ಚುವ ದಿನ ಮೊಬೈಲಿನಲ್ಲಿ ತೆಗೆದದ್ದು. ಅಕ್ಕ ಟಾರ್ಪಾಲ್ ತೆಗೆದಿದ್ದರು, ಆದರೆ ಕಣ್ಣಿನ ಪೊರೆ ಅದನ್ನು ಮತ್ತೆ ಕಟ್ಟಿತ್ತು.

ಮನೆಯಲ್ಲಿ ಅವನೂ ಅವನ ವಯಸ್ಸಾದ ತಾಯಿಯೂ ಇದ್ದರು. ಗೋಡೆಯ ಮೇಲೆ ನಮ್ಮ ನೀಲಿ ಫೋಟೊ, ಅದಕ್ಕೆ ಅವತ್ತಿನ ಹೂವು. ಅಕ್ಕ ವಿಷಯ ಹೇಳಿ ಹೊಸ ಫೋಟೊವನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ವಾಪಸ್ ಕೊಟ್ಟರು.

"ಇದ್ಯಾರನ್ನ ತಂದಿದ್ದೀರವ್ವ? ನನ್ ಮಗ್ಳು ಇಂಗಿರ್ಲಿಲ್ಲ. ಕಾಮಾಲೆ ಬಂದೋಳಂಗವ್ಳೆ. ತಗೊಂಡೋಗಿ."

"ಅಜ್ಜಿ, ಗೋಡೆ ಮೇಲಿರೋದು ತಪ್ಪು. ಇದು ಸರಿ ಮಾಡಿರೋದು" ಅಂದೆ.

"ನನ್ ಹೊಟ್ಟೇಲಿ ಹುಟ್ಟಿದ್ದು ನಂಗೊತ್ತೋ ನಿಂಗೊತ್ತೋ?"

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೈಸನ್ನೆ ಮಾಡಿದರು. ಅಜ್ಜಿಯ ಪಕ್ಕ ಕೂತು, ಗಲ್ಲ ಹಿಡಿದು, ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ, ಕಣ್ಣುಗಳನ್ನು ನೋಡಿದರು. ಕಪ್ಪಿರಬೇಕಾದ ಕಡೆ ಎರಡೂ ಕಣ್ಣಿನಲ್ಲಿ ಮಂಜು ಕೂತಿತ್ತು.

"ಸರಿ ಕಣವ್ವ. ನಿನ್ ಮಗಳು ಇವ್ಳೇ. ಇಲ್ಲೇ ಇರ್ಲಿ" ಅಂದರು. ಆಮೇಲೆ, "ನಾನು ತಂದಿರೋದನ್ನ ಇದ್ರ ಹಿಂದ್ಗಡೆ ಇಕ್ಲಾ? ನಿನ್ ಕಣ್ಣಿನ ಪೊರೆ ತೆಗೆಸಿದ್ಮೇಲೆ ನೋಡಿ ಹೇಳೀಯಂತೆ" ಎಂದು ಕೇಳಿದರು.

"ಹಿಂದ್ಗಡೆ ತಾನೆ? ಇಕ್ಕು. ಕಣ್ಣು ಮಾತ್ರ ಕುಯ್ಸಲ್ಲ ನಾನು."

"ನಂದೂ ಒಂದು ಕುಯ್ದವ್ರೆ ನೋಡವ್ವ. ಇನ್ನೊಂದು ಬಾಕಿ ಐತೆ. ನೀನು ಬರೋ ಗಂಟ ನಾನೂ ಕುಯ್ಸಲ್ಲ."

ಸ್ಕೂಟರಿನ ಡಿಕ್ಕಿಯಲ್ಲಿದ್ದ ಕಟಿಂಗ್ ಪ್ಲೇಯರ್ ತರಿಸಿ, ಚೌಕಟ್ಟಿನ ಹಿಂದಿನ ಮೊಳೆಗಳನ್ನು ಕಿತ್ತು, ಸರಿಯಾದ ಫೋಟೊವನ್ನು ತಪ್ಪು ಫೋಟೊದ ಹಿಂದೆ ಇಟ್ಟು, ಮೊಳೆ ಬಗ್ಗಿಸಿದರು. ದಾರಿಯಲ್ಲಿ ನಾನು ಸುಮ್ಮನಿರದೆ ಕೇಳಿದೆ, ಇಷ್ಟು ದೂರ ಬಂದು ತಪ್ಪಾದದ್ದನ್ನೇ ಬಿಟ್ಟು ಬಂದಿರಲ್ಲ ಎಂದು.

"ನಾನು ಯಾವ ಕಣ್ಣಲ್ಲಿ ಮಾಡಿದ್ನೋ ಅಂಥಾ ಕಣ್ಣಲ್ಲೇ ಆವಮ್ಮ ನೋಡ್ತಾ ಐತೆ ಕಣಪ್ಪ. ಆವಮ್ಮಂಗೆ ಅದು ತಪ್ಪಲ್ಲ. ಬಲವಂತವಾಗಿ ಬದಲಾಯಿಸಿದ್ರೆ ಇರೋ ಮಗಳನ್ನೂ ಕಿತ್ಕೊಂಡಂಗಾಗ್ತಿತ್ತು" ಅಂದರು.

ಹೇಳಿದಂತೆಯೇ ಮಾಡಿದರು. ತಮ್ಮ ಎರಡನೆಯ ಕಣ್ಣನ್ನು ಹಾಗೇ ಬಿಟ್ಟುಕೊಂಡು ಕಾದರು. ಒಂದು ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದರು, ತಲೆನೋವು ಬಂದರೂ ಮಾಡಿದರು. ಡಾಕ್ಟರು ರೇಗಿದರು, ನಾನು ರೇಗಿದೆ, ಅವರು ಜಗ್ಗಲಿಲ್ಲ. ವಾರಕ್ಕೊಂದು ಸಲ ಅಜ್ಜಿಯ ಮಗನಿಗೆ ಫೋನ್ ಮಾಡುತ್ತಿದ್ದರು. ಐದು ತಿಂಗಳ ಮೇಲೆ ಅಜ್ಜಿ, "ಆ ಒಕ್ಕಣ್ಣಿ ನನ್ ಪ್ರಾಣ ತೆಗೀತಾಳೆ" ಎಂದು ಬೈದುಕೊಂಡೇ ಬಂದರು. ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಇಬ್ಬರೂ ಕೂತಿದ್ದನ್ನು ನಾನು ನೋಡಿದೆ. ಕ್ಯಾಮೆರಾ ತಂದಿದ್ದರೂ ತೆಗೆಯುವ ಧೈರ್ಯ ಬರಲಿಲ್ಲ.

ಅಜ್ಜಿಯ ಕಣ್ಣು ವಾಸಿಯಾದ ಮೇಲೆ ನಾವು ಹಟ್ಟಿಗೆ ಹೋದೆವು. ಇಪ್ಪತ್ತೈದು ಮನೆಗಳು ಒಪ್ಪಿದ್ದವು, ಆದರೆ ಅಕ್ಕನಿಗೆ ಬೇಕಾಗಿದ್ದದ್ದು ಈ ಒಂದು ಮನೆಯ ಮಾತು. ಹೆತ್ತವಳು ನೋಡಿ ಅಲ್ಲ ಅಂದುಬಿಟ್ಟರೆ, ಇನ್ನು ಮೌಸ್ ಮುಟ್ಟುವುದಿಲ್ಲ ಎಂದು ಹಿಂದಿನ ದಿನವೇ ನನಗೆ ಹೇಳಿದ್ದರು.

ಮಗ ಚೌಕಟ್ಟು ಬಿಚ್ಚಿದ. ಅಜ್ಜಿ ಎರಡೂ ಫೋಟೊಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಸಿಲ ಹತ್ತಿರ ಕೂತರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಆಮೇಲೆ ಹೊಸದರ ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿ, ಮಾತಾಡಿದ್ದು ನಮ್ಮ ಹತ್ತಿರವಲ್ಲ, ಮಗಳ ಹತ್ತಿರ.

"ಬಂದ್ಯೇನವ್ವಾ" ಅಂದರು.

ಅಕ್ಕ ಗೋಡೆಗೆ ಒರಗಿ ನಿಂತರು. ನನಗೂ ಕಣ್ಣು ಮಂಜಾಯಿತು, ಆದರೆ ಹೆಮ್ಮೆಯೇ ಹೆಚ್ಚಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಂಥ ಕೈ ನನ್ನ ಅಂಗಡಿಯಲ್ಲಿದೆ ಎಂದು ಆ ಹಟ್ಟಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು.

ಮಗ ಹೊಸದನ್ನು ಚೌಕಟ್ಟಿಗೆ ಕೂರಿಸಲು ತೆಗೆದುಕೊಂಡ. ನೀಲಿಯಾದದ್ದನ್ನು ಮಡಚಿ ಆಚೆ ಇಡಲು ಹೋದಾಗ ಅಜ್ಜಿ ಅವನ ಕೈ ಹಿಡಿದರು.

"ಅದ್ನ ಬಿಸಾಕ್ಬ್ಯಾಡ ಕಣ್ಲಾ. ಕಣ್ ಕಾಣ್ದಿದ್ದಾಗ ನನ್ ಜೊತೇಲಿದ್ದೋಳು ಅವ್ಳೇ."

ಅಕ್ಕ ಮುಂದೆ ಬಂದು ಅವನ ಕೈಯಿಂದ ಆ ಫೋಟೊ ತೆಗೆದುಕೊಂಡರು. ಮಡಿಕೆಯನ್ನು ಸೆರಗಿನಿಂದ ತೀಡಿ ಸರಿಮಾಡಿ, ಹೊಸದರ ಹಿಂದೆ ಇಟ್ಟು, ಮೊಳೆಗಳನ್ನು ಒಂದೊಂದಾಗಿ ಬಗ್ಗಿಸಿ, ಇಬ್ಬರನ್ನೂ ಗೋಡೆಗೆ ತೂಗುಹಾಕಿದರು.